ಕಣ್ಣು ಬಿಟ್ಟುಕೊಂಡು ಶಾಲೆಗೆ ಹೋದದ್ದು

ಹೊಸ ಸ್ಕೂಲ್ ಬ್ಯಾಗಿನೊಳಗೆ ತಲೆ ತೂರಿಸಿಕೊಂಡು ಮೊಮ್ಮಗಳು ಕೂತಿದ್ದಳು. ನೋಡಿದ್ದೇ ನನ್ನ ಎದೆ ಧಸಕ್ಕೆಂದಿತು. ನಾಲ್ಕು ವರ್ಷದ ಮಗುವಿನ ಆಟಕ್ಕೆ ಅರವತ್ತು ದಾಟಿದವನು ಹೆದರುವುದೇ ಎಂದು ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಅವಳು ಒಳಗಿಂದಲೇ, "ತಾತ, ಸ್ಕೂಲು ಯಾಕಿರೋದು?" ಎಂದಳು. ಅದೇ ಪ್ರಶ್ನೆಯನ್ನು ಜೋಗುಪಾಳ್ಯದ ಹಳೇ ಮನೆಯಲ್ಲಿ ನಾನೂ ಕೇಳಿ ಕೆಟ್ಟಿದ್ದೆ.

ಆಗ ನಮ್ಮನೆಯಲ್ಲೊಂದು ಕಳ್ಳ ಬೆಕ್ಕಿತ್ತು. ಹಾಲಿಗೆ ಬಾಯಿ ಹಾಕಿತೆಂದು ಅಪ್ಪ ಅದನ್ನು ಗೋಣಿಚೀಲದಲ್ಲಿ ಕಟ್ಟಿ, ಸೈಕಲ್ಲಿಗೆ ನೇತುಹಾಕಿ, ಹಲಸೂರು ಕೆರೆಯಾಚೆ ಬಿಟ್ಟುಬಂದ. ಚೀಲ ಯಾಕೆಂದು ಅಜ್ಜಿಯನ್ನು ಕೇಳಿದೆ.

"ದಾರಿ ಕಂಡ್ರೆ ವಾಪಸ್ ಬಂದ್ಬಿಡತ್ತೆ ಕಣೋ. ಇದರ ಕಾಟ ತಡೆಯೋಕಾಗಲ್ಲ."

ಅದೇ ವಾರ ನನ್ನನ್ನು ಶಾಲೆಗೆ ಸೇರಿಸುವ ಮಾತು ಬಂತು. ಶಾಲೆ ಯಾಕೆಂದು ಮತ್ತೆ ಅಜ್ಜಿಯನ್ನೇ ಕೇಳಿದೆ. "ಮನೇಲಿ ನಿನ್ನ ಕಾಟ ತಡೆಯೋಕಾಗಲ್ಲ, ಅದಕ್ಕೆ!" ಎಂದು ನಕ್ಕಳು. ಅಜ್ಜಿಯ ತಮಾಷೆಗೆ ಬೀದಿಯೆಲ್ಲ ನಗುತ್ತಿತ್ತು. ನನಗೆ ಮಾತ್ರ ಅನ್ನ ಸೇರಲಿಲ್ಲ. ಇಸ್ತ್ರಿ ಅಂಗಡಿಯ ಸಾಬರಾದರೂ ನಿಜ ಹೇಳಿಯಾರೆಂದು ಹೋದರೆ, "ಎಲ್ಲಾ ಮಕ್ಕಳೂ ಹೋಗ್ತಾರೆ ಬೇಟಾ, ನೀನೂ ಹೋಗ್ಬೇಕು," ಎಂದರು. ಅಂದರೆ ಎಲ್ಲರ ಮನೆಯಲ್ಲೂ ಮಕ್ಕಳನ್ನು ಬಿಟ್ಟುಬರುತ್ತಾರೆ! ನನ್ನ ಭಯಕ್ಕೆ ಇನ್ನೇನು ಸಾಕ್ಷಿ ಬೇಕಿತ್ತು?

ಮೊದಲ ದಿನ ಸೈಕಲ್ಲಿನ ಬಾರಿನ ಮೇಲೆ ಕೂತು ನಾನು ರೆಪ್ಪೆ ಮಿಟುಕಿಸಲಿಲ್ಲ. ಹಿಟ್ಟಿನ ಗಿರಣಿ, ಎಡಕ್ಕೆ. ಸೌದೆ ಡಿಪೋ, ನೇರ. ಅರಳಿಮರ, ಬಲಕ್ಕೆ. ಧೂಳೆದ್ದಿತೆಂದು ಅಪ್ಪ ನನ್ನ ಕಣ್ಣಿಗೆ ಕೈ ಅಡ್ಡ ಹಿಡಿದಾಗ ಚೀರಿಬಿಟ್ಟೆ. ಶಾಲೆಯಲ್ಲಿ ಮೇಷ್ಟರು ಏನು ಹೇಳಿಕೊಟ್ಟರೋ ದೇವರಿಗೇ ಗೊತ್ತು, ನಾನು ಮನಸ್ಸಿನಲ್ಲಿ ಗಿರಣಿ, ಡಿಪೋ, ಮರವನ್ನೇ ಉರು ಹೊಡೆಯುತ್ತಿದ್ದೆ. ಆಟದ ಬಿಡುವಿನಲ್ಲಿ ಗೇಟು ದಾಟಿ ಓಡಿದೆ.

ಬಾಗಿಲು ತೆಗೆದ ಅಮ್ಮನ ಮುಖ ಬಿಳಿಚಿಕೊಂಡಿತು. "ಅಯ್ಯೋ! ದಾರಿ ಹೇಗೋ ಗೊತ್ತಾಯ್ತು ನಿಂಗೆ?"

ಅಂದರೆ ಗೊತ್ತಾಗಬಾರದಿತ್ತು! ನಿಂತಲ್ಲೇ ಚಡ್ಡಿ ಒದ್ದೆಯಾಯಿತು. ಅಮ್ಮ ನನ್ನನ್ನು ಬಾಚಿ ಅವಚಿಕೊಂಡಳು. ನಾನು ಅವಳ ಹೆಗಲ ಮೇಲಿಂದ ಗೋಣಿಚೀಲ ಎಲ್ಲಿದೆಯೆಂದು ಹುಡುಕುತ್ತಿದ್ದೆ. ಅಷ್ಟು ದೊಡ್ಡ ರಸ್ತೆಯನ್ನು ಒಬ್ಬನೇ ದಾಟಿ ಬಂದೆನಲ್ಲ ಎಂದು ಅವಳು ಹೆದರಿದ್ದಳು ಎಂಬುದು ಅರ್ಥವಾಗಲು ನಾನೇ ಅಪ್ಪನಾಗಬೇಕಾಯಿತು.

ಇವತ್ತು ಬೆಳಿಗ್ಗೆ ದೊಮ್ಮಲೂರಿನ ನಮ್ಮ ಗಲ್ಲಿಯಿಂದ ಮೊಮ್ಮಗಳನ್ನು ನಾನೇ ಕರೆದೊಯ್ದೆ. "ಎಬಿಸಿಡಿ ಕಲಿಯೋಕೆ ಅಂತ ಹೇಳಿ ಅಪ್ಪಾ," ಎಂದು ಮಗಳು ಉತ್ತರ ಹೇಳಿಕೊಟ್ಟಿದ್ದಳು. ಹೇಳಿದೆ. "ಅದು ನಂಗೆ ಬರತ್ತೆ," ಎಂದಳು ಪುಟ್ಟಿ, ನನ್ನ ಬೆರಳನ್ನು ಇನ್ನೂ ಬಿಗಿಯಾಗಿ ಹಿಡಿದು.

"ಸ್ಕೂಲು ಯಾಕೆ ಅಂತ ನಂಗೂ ಸರಿಯಾಗಿ ಗೊತ್ತಿಲ್ಲ ಪುಟ್ಟಿ. ಹನ್ನೆರಡಕ್ಕೆ ನಾನು ಬಂದೇ ಬರ್ತೀನಿ. ಅದು ಗೊತ್ತು."

"ಬರ್ದಿದ್ರೆ?"

ಆಯಾ ಅವಳನ್ನು ಎತ್ತಿಕೊಂಡು ಒಳಗೆ ಹೋದಳು. ಮನೆಗೆ ಹೋಗಿ ಪೇಪರು ಓದಬೇಕೆಂದುಕೊಂಡಿದ್ದವನಿಗೆ ಕಾಲು ಏಳಲಿಲ್ಲ. ಈ ವಯಸ್ಸಿನಲ್ಲಿ, ಈ ಟ್ರಾಫಿಕ್ಕಿನಲ್ಲಿ, ದಾರಿಯಲ್ಲಿ ನನಗೇ ಏನಾದರೂ ಆಗಿಬಿಟ್ಟರೆ? ಹೋಗಲು ಭಯವಾಯಿತು, ನಿಜ ಹೇಳುತ್ತೇನೆ. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತೆ.

"ಇನ್ನೂ ಮೂರು ಗಂಟೆ ಇದೆ ಸಾರ್, ಮನೆಗೆ ಹೋಗ್ಬನ್ನಿ," ಎಂದ ವಾಚ್‌ಮನ್.

"ಪರವಾಗಿಲ್ಲಪ್ಪ," ಎಂದೆ. "ಇಲ್ಲೇ ಇರ್ತೀನಿ."