ಇದ್ದಿಲು ಗಾಡಿಯಲ್ಲಿ ಸಂಸಾರ

ಮದುವೆಯಾದ ಮೇಲೆ ನಾನು ಅತಿ ಹೆಚ್ಚು ಬೈದದ್ದು ಅತ್ತೆಯನ್ನಲ್ಲ, ನಾದಿನಿಯನ್ನೂ ಅಲ್ಲ. ಒಂದು ಹಳೆಯ ಮೋಟಾರು ಗಾಡಿಯನ್ನು. ಅದರೊಳಗೇ ಮಲಗಿ, ಅದರೊಳಗೇ ಉಂಡು, ಅದನ್ನೇ ಬೈಯುತ್ತಿದ್ದೆ. ಉಂಡ ಮನೆಗೆ ಬೈಯಬಾರದು ಎಂದು ನನ್ನ ತಾಯಿ ಹೇಳಿಕೊಟ್ಟಿದ್ದರು. ಆದರೆ ಆ ಮನೆಗೆ ಚಕ್ರವಿದ್ದರೆ ಏನು ಮಾಡಬೇಕೆಂದು ಪಾಪ, ಅವರಿಗೂ ಗೊತ್ತಿರಲಿಲ್ಲ.

ನಮ್ಮ ಯಜಮಾನರು ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಹಳ್ಳಿಗಳ ದರ್ಜಿಗಳು ಇವರ ದಾರಿ ಕಾಯುತ್ತಿದ್ದರು. ಮೊದಲು ಸೈಕಲ್ಲಿನಲ್ಲಿ ತಿರುಗುತ್ತಿದ್ದರು. ಶಿವನಸಮುದ್ರದಲ್ಲಿ ಕೆಲಸಕ್ಕಿದ್ದ ಒಬ್ಬ ಎಂಜಿನಿಯರು ಊರು ಬಿಟ್ಟು ಹೋಗುವಾಗ, ಕೆಟ್ಟು ನಿಂತಿದ್ದ ತನ್ನ ಗಾಡಿಯನ್ನು ಇವರಿಗೆ ಅಗ್ಗಕ್ಕೆ ದಾಟಿಸಿದ. ಮೀನು ಹಿಡಿಯಲು ಹೋದ ಕಡೆ ಉಳಿದುಕೊಳ್ಳಲೆಂದು ಅವನು ಅದರ ಹಿಂಭಾಗದಲ್ಲಿ ಮರದ ಕೋಣೆ ಕಟ್ಟಿಸಿದ್ದ. ಮಡಿಸುವ ಮಂಚ, ಒಂದು ಪುಟ್ಟ ಬೀರು, ಎರಡು ಕಿಟಕಿ. ಇವರು ಮೂರು ತಿಂಗಳು ಅದರ ಹೊಟ್ಟೆಯ ಕೆಳಗೆ ಮಲಗಿ, ಕೊನೆಗೆ ಓಡಿಸಿಯೇ ಬಿಟ್ಟರು. ಮಕ್ಕಳಿಲ್ಲದ ನಾವಿಬ್ಬರು ತಿಂಗಳಿಗೆ ಇಪ್ಪತ್ತು ದಿನ ಅದರಲ್ಲೇ ಸಂಸಾರ ಹೂಡಿದೆವು.

ಹಳೆಯ ಗಾಡಿ ಒಂದೇ ಸಲ ಕೆಡುವುದಿಲ್ಲ, ಕಂತಿನಲ್ಲಿ ಕೆಡುತ್ತದೆ. ಇವತ್ತು ಛಾವಣಿ ಸೋರಿದರೆ ಅದಕ್ಕೆ ಟಾರು ಬಳಿಯಬೇಕು. ಟಾರು ಒಣಗುವಷ್ಟರಲ್ಲಿ ಬಾಗಿಲಿನ ಕೀಲು ಕಳಚುತ್ತದೆ. ಕೀಲು ಬಡಿಯುವಾಗ ಬೀರುವಿನ ಗಾಜು ಬೀಳುತ್ತದೆ. ಇಷ್ಟು ಸಾಲದೆಂಬಂತೆ ಎರಡನೆಯ ಮಹಾಯುದ್ಧ ಬಂತು, ಪೆಟ್ರೋಲು ರೇಷನ್ನು ಚೀಟಿಯ ಮಾಲಾಯಿತು. ಆಗ ಎಲ್ಲ ಬಸ್ಸುಗಳಂತೆ ನಮ್ಮ ಗಾಡಿಯ ಬೆನ್ನಿಗೂ ಒಂದು ಕಬ್ಬಿಣದ ಪೀಪಾಯಿ ಏರಿತು. ಮೇಲಿಂದ ಇದ್ದಿಲು ತುಂಬಿ, ಕೆಳಗಿನ ಬಾಯಿಂದ ಬೆಂಕಿ ಹಚ್ಚಿ, ಗಾಳಿ ಚಕ್ರ ತಿರುಗಿಸಿದರೆ ಒಳಗೆ ಗ್ಯಾಸು ಹುಟ್ಟಿ ಕೊಳವೆಯಲ್ಲಿ ಎಂಜಿನ್ನಿಗೆ ಹೋಗುತ್ತಿತ್ತು. ಇವರು ಅದನ್ನು ಪ್ಲಾಂಟು ಎನ್ನುತ್ತಿದ್ದರು. ನಾನು ಒಲೆ ಎನ್ನುತ್ತಿದ್ದೆ. ಇವರಿಗೆ ಸಿಟ್ಟು ಬರುತ್ತಿತ್ತು.

ಒಂದು ದಿನ ನಾವು ಬಂಡೂರಿನ ಕೆರೆ ಏರಿಯ ಪಕ್ಕ ನಿಂತಿದ್ದೆವು. ಬೆಳಿಗ್ಗೆ ಪೂರಿಗಾಲಿಗೆ ಹೊರಡಬೇಕಿತ್ತು. ನಾನು ಬಟ್ಟೆ ಒಗೆದು ತಂದು ಸಿಕ್ಕ ಸಿಕ್ಕ ಕಡೆ ಹರವಿದೆ. ಇವರು ಬೆಂಕಿ ಹಿಡಿಸಿ, ಗಾಳಿ ಹಾಕಿ, ಗಾಡಿಯ ಮುಂದೆ ಬಂದು ಹ್ಯಾಂಡಲ್ಲು ಸಿಕ್ಕಿಸಿ ತಿರುಗಿಸಿದರು. ಎಂಜಿನ್ನು ಒಮ್ಮೆ ಗುಟುರು ಹಾಕಿ ಹ್ಯಾಂಡಲ್ಲನ್ನು ಹಿಂದಕ್ಕೆ ಒದೆಯಿತು. ಒಣಗಿದ ಜೋಳದ ದಂಟು ಮುರಿದಂಥ ಸದ್ದು ನನಗೆ ಏರಿಯ ಮೇಲೆ ಕೇಳಿಸಿತು. ಓಡಿ ಬಂದು ನೋಡಿದರೆ ಇವರು ನೆಲದಲ್ಲಿ ಕೂತು ಬಲಗೈಯನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡಿದ್ದರು. ಮಣಿಕಟ್ಟು ಇರಬೇಕಾದ ದಿಕ್ಕಿನಲ್ಲಿರಲಿಲ್ಲ.

ಕುರಿ ಹೊಡೆದುಕೊಂಡು ಬರುತ್ತಿದ್ದ ಬೋರಯ್ಯ ಎಂಬ ಹಿರಿಯರು ಕುರಿಗಳನ್ನು ಬಿಟ್ಟು ಬಂದು ಬಗ್ಗಿ ನೋಡಿದರು. "ಮೂಳೆ ಮುರ್ದೋಗದೆ ಕಣವ್ವ. ಬೆಳ್ಳು ಆಗ್ಲೇ ತಣ್ಣಗಾಯ್ತಾ ಅವೆ. ಗಾಡಿ ಕಟ್ಸ್ತೀನಿ, ಆದ್ರೆ ಎತ್ತು ಉಳೋಕೋಗವೆ, ಬರೋದು ಒತ್ತಾಯ್ತದೆ," ಎಂದರು.

ಇವರ ಅನ್ನ ಆ ಕೈಯಲ್ಲಿತ್ತು. ಕೂದಲೆಳೆಯಷ್ಟು ಸಣ್ಣ ತಿರುಪನ್ನು ಕಣ್ಣು ಮುಚ್ಚಿಕೊಂಡು ಕೂರಿಸುತ್ತಿದ್ದ ಬೆರಳುಗಳು ನೀಲಿಯಾಗುತ್ತಿದ್ದವು. ನಾನು ಬೆರಳು ಹಿಡಿದು, "ಗೊತ್ತಾಯ್ತದಾ?" ಎಂದೆ. ಇವರು ಇಲ್ಲವೆಂದು ತಲೆಯಾಡಿಸಿದರು.

"ನಾನೇ ಓಡಿಸ್ತೀನಿ. ನೀವು ಪಕ್ಕ ಕೂತ್ಕೊಂಡು ಹೇಳ್ಕೊಡಿ," ಎಂದೆ.

"ನಿಂಗೆ ತಲೆ ಕೆಟ್ಟದಾ? ತಳ್ಳುವಾಗ ಸ್ಟೇರಿಂಗು ಇಡ್ಕೊಂಡಂಗಲ್ಲ ಅದು."

"ಇನ್ಯಾರವರೆ ಇಲ್ಲಿ?"

ನಾನು ಡ್ರೈವರ್ ಸೀಟಿಗೆ ಹತ್ತಿದೆ. ಸ್ಟೇರಿಂಗಿನ ಕೆಳಗೆ ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡುವ ಒಂದು ಕಡ್ಡಿ ಇತ್ತು. ಹ್ಯಾಂಡಲ್ಲು ಹೊಡೆಯುವ ಮುಂಚೆ ಅದು ಪೂರ್ತಿ ಮೇಲಿರಬೇಕು, ಇಲ್ಲವಾದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತದೆ ಎಂದು ಇವರು ನೂರು ಸಲ ಹೇಳಿದ್ದರು. ಆ ಕಡ್ಡಿ ಕೆಳಕ್ಕೆ ಜಗ್ಗಿತ್ತು. ಅದರ ಮೇಲೆ ನಾನೇ ಹರವಿದ ಒದ್ದೆ ಟವಲು ನೇತಾಡುತ್ತಿತ್ತು.

ನಾನು ಟವಲನ್ನು ತೆಗೆದು ಕಾಲಡಿ ಹಾಕಿಕೊಂಡೆ. ಕಡ್ಡಿಯನ್ನು ಮೇಲಕ್ಕೆತ್ತಿದೆ.

ಈಗ ಅದೇ ಹ್ಯಾಂಡಲ್ಲನ್ನು ಇನ್ನೊಬ್ಬರು ಹಿಡಿಯಬೇಕು. ಬೋರಯ್ಯ ಅದನ್ನು ಹಾವು ನೋಡಿದಂತೆ ನೋಡಿದರು. ಇವರು ಹಲ್ಲು ಕಚ್ಚಿಕೊಂಡೇ ಹೇಳಿದರು: "ಎಬ್ಬೆಟ್ಟ ಸುತ್ತಾಕ್ಬ್ಯಾಡ ಬೋರಣ್ಣ, ಬೆಳ್ಳಿನ ಜೊತೇಲೇ ಇರ್ಲಿ. ಕೆಳಗಿಂದ ಮೇಲಕ್ಕೆ ಎಳಿ, ಒತ್ಬ್ಯಾಡ." ಆ ಕ್ಷಣ ನಾನು ಕಡ್ಡಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿದೆ, ಮತ್ತೊಮ್ಮೆ ಮುಟ್ಟಿ ನೋಡಿದೆ. ಮೂರನೆಯ ಎಳೆತಕ್ಕೆ ಎಂಜಿನ್ನು ಹತ್ತಿಕೊಂಡಿತು. ಬೋರಯ್ಯ ಎರಡು ಮಾರು ಹಿಂದಕ್ಕೆ ಹಾರಿ ನಿಂತು ತಮ್ಮ ಕೈಯನ್ನು ತಾವೇ ನೋಡಿಕೊಂಡರು.

"ಕಾಲು ಒತ್ತು. ಗೇರು ಇಂದಕ್ಕೆ ಎಳಿ. ಈಗ ನಿಧಾನಕ್ಕೆ ಬುಡು. ನಿಧಾನಕ್ಕೆ ಅಂದ್ನಲ್ಲ." ಗಾಡಿ ಕಪ್ಪೆಯಂತೆ ಕುಪ್ಪಳಿಸಿ ಹೊರಟಿತು. ಹಿಂದೆ ಕೋಣೆಯಲ್ಲಿ ಪಾತ್ರೆಗಳೆಲ್ಲ ಉರುಳಿದವು. ಪ್ರತಿ ಕುಲುಕಾಟಕ್ಕೂ ಇವರು ಉಸಿರು ಒಳಕ್ಕೆಳೆಯುತ್ತಿದ್ದರು. ಅದು ನನ್ನ ಬೆನ್ನಿನಲ್ಲಿ ಚುಚ್ಚುತ್ತಿತ್ತು.

ಮಳವಳ್ಳಿಯಲ್ಲಿ ವೈದ್ಯರು ಬೇರೆ ಹಳ್ಳಿಗೆ ಹೋಗಿದ್ದರು. ಕಂಪೌಂಡರು ಬಿದಿರಿನ ದಬ್ಬೆ ಕಟ್ಟಿ, ಬೆರಳು ಒತ್ತಿ ನೋಡಿ, "ರಕ್ತ ಓಡ್ತಿಲ್ಲ. ಮಂಡ್ಯದ ದೊಡ್ಡಾಸ್ಪತ್ರೆಗೆ ಬೇಗ ಓಗಿ ತಾಯಿ, ಸಂಜೆವರ್ಗೂ ಇಟ್ಕೋಬೇಡಿ," ಎಂದರು. ನಾನು ಎಂಜಿನ್ನು ಆರಿಸದೆ ಹೊರಗೇ ಬಿಟ್ಟಿದ್ದೆ. ಆರಿದರೆ ಹಚ್ಚುವ ಧೈರ್ಯ ನನಗಿರಲಿಲ್ಲ.

ಮದ್ದೂರಿನ ದಾರಿ ಹಿಡಿದೆವು. ಮದ್ದೂರು ಇನ್ನೂ ದೂರವಿರುವಾಗಲೇ ಒಂದು ಏರಿನಲ್ಲಿ ಗಾಡಿ ಸೊರಗತೊಡಗಿತು. ಇವರು ಕಿವಿಗೊಟ್ಟು, "ಗ್ಯಾಸು ಸಾಲ್ತಿಲ್ಲ. ಬೂದಿ ಕಟ್ಕೊಂಡದೆ. ನಿಂತೋದ್ರೆ ಮುಗೀತು," ಎಂದರು. ನಾನು ಬ್ರೇಕು ಹಾಕಿ, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟೆ. ಇವರು ಬಲಗಾಲನ್ನು ನನ್ನ ಜಾಗಕ್ಕೆ ಚಾಚಿ ಪೆಡಲು ಒತ್ತಿ ಎಂಜಿನ್ನನ್ನು ಜೀವಂತ ಇಟ್ಟರು. ನಾನು ಹಿಂದೆ ಓಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಕೆಳಗಿನ ಬಾಯಿಗೆ ಸಲಾಕೆ ಹಾಕಿ ಕೆದಕಿದೆ. ಗಟ್ಟಿಯಾದ ಬೂದಿಯ ಹೆಂಟೆ ಕೆಳಗುರುಳಿತು. ಮೇಲಿನ ಮುಚ್ಚಳ ತೆರೆದಾಗ ನೀಲಿ ಉರಿ ಒಂದು ಮೊಳ ಎದ್ದಿತು; ಕೈಯ ರೋಮ ಸುಟ್ಟುಹೋಯಿತು. ಇದ್ದಿಲು ಸುರಿದು ಮುಚ್ಚಿದೆ. ಹೆದರಿಕೆಯಲ್ಲೂ ಕೈ ತಪ್ಪಲಿಲ್ಲ. ಹತ್ತು ವರ್ಷದಿಂದ ದಿನಕ್ಕೆರಡು ಹೊತ್ತು ಅಡುಗೆಯ ಒಲೆಯ ಮುಂದೆ ಇದನ್ನೇ ಮಾಡಿದ ಕೈ ಅದು. ಎಂಜಿನ್ನಿನ ಉಸಿರು ಮೆಲ್ಲಗೆ ತಿರುಗಿತು.

ಸೀಟಿಗೆ ಬಂದು ಕೂತಾಗ ಇವರ ಮುಖ ಸುಣ್ಣದಂತಿತ್ತು. ಇನ್ನು ತಡೆಯಲಾಗಲಿಲ್ಲ. ಗಾಡಿ ಹೊರಡಿಸಿ, ರಸ್ತೆ ನೋಡುತ್ತಲೇ ಹೇಳಿದೆ: "ಬೆಳಿಗ್ಗೆ ಆ ಕಡ್ಡಿ ಮೇಲೆ ಟವಲು ಆಕಿದ್ದೆ. ಅದಕ್ಕೇ ಒದ್ದದ್ದು. ನಾನೇ ಮಾಡಿದ್ದು."

ಎದುರಿಗೆ ಕಬ್ಬಿನ ಗಾಡಿಗಳ ಸಾಲು ಬರುತ್ತಿತ್ತು. "ಎತ್ತು ಬೆದರ್ತವೆ, ಎಡಕ್ಕೆ ತಗೋ," ಎಂದರು ಇವರು. ಗಾಡಿಗಳೆಲ್ಲ ದಾಟಿದವು. ಅರ್ಧ ಮೈಲಿ ಕಳೆಯಿತು.

"ತಿರುಗ್ಸೋಕ್ ಮುಂಚೆ ನೋಡ್ಬೇಕಾಗಿದ್ದೋನು ನಾನು," ಎಂದರು. "ನೋಡ್ನಿಲ್ಲ. ನೀನು ಮುಂದೆ ನೋಡು."

ಮದ್ದೂರು ದಾಟಿ ಮಂಡ್ಯ ಮುಟ್ಟಿದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಆಸ್ಪತ್ರೆಯ ಅಂಗಳದಲ್ಲಿ ಎಂಜಿನ್ನು ಆರಿಸಿದ ಮೇಲೂ ನನ್ನ ಬೆರಳುಗಳು ಸ್ಟೇರಿಂಗು ಬಿಡಲಿಲ್ಲ, ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಡಾಕ್ಟರು ಮೂಳೆ ಕೂರಿಸಿ ಹೊರಬಂದು, "ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು," ಎಂದರು. ನಾನು ಒಳಗೆ ಹೋಗಿ ಬೆರಳು ಮುಟ್ಟಿದೆ. ಬೆಚ್ಚಗಿದ್ದವು. "ಗೊತ್ತಾಯ್ತದೆ," ಎಂದರು ಇವರು, ನಾನು ಕೇಳುವ ಮೊದಲೇ. ಆಗ ನಾನು ಅತ್ತುಬಿಟ್ಟೆ.

ಬೆರಳುಗಳು ಉಳಿದವು, ಕೆಲಸವೂ ಉಳಿಯಿತು. ಆದರೆ ಮಣಿಕಟ್ಟು ಪೂರ್ತಿ ತಿರುಗಲಿಲ್ಲ. ಸ್ಟೇರಿಂಗು ನನ್ನದಾಯಿತು. ಪರೀಕ್ಷೆ ಕೊಟ್ಟು ಲೈಸೆನ್ಸನ್ನೂ ಪಡೆದೆ. ಹಳ್ಳಿಗಳಲ್ಲಿ ಹೆಂಗಸರು ನನ್ನನ್ನು ನೋಡಲು ಬರುತ್ತಿದ್ದರು, ಗಂಡಸರು ಎಂಜಿನ್ನನ್ನು ನೋಡುವ ನೆಪದಲ್ಲಿ ಬರುತ್ತಿದ್ದರು. ಇವರು ಪಕ್ಕದಲ್ಲಿ ಕೂತು ಹೇಳಿಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಹಳ್ಳ ಬಂದರೆ ಹಳ್ಳ ಎನ್ನುವರು, ನಾನು ಆಗಲೇ ಅದರಲ್ಲಿ ಇಳಿದಿರುತ್ತಿದ್ದೆ. ಬೇರೆಯವರ ಕೈಗೆ ಗಾಡಿ ಕೊಡುವುದು ಕಷ್ಟ, ಕೊಟ್ಟಮೇಲೆ ಸುಮ್ಮನೆ ಕೂರುವುದು ಇನ್ನೂ ಕಷ್ಟ.

ಯುದ್ಧ ಮುಗಿದ ಮೇಲಿನ ಒಂದು ಮಧ್ಯಾಹ್ನ ಮಳವಳ್ಳಿ ಕಡೆ ಹೋಗುತ್ತಿದ್ದೆವು. ಎಂಜಿನ್ನಿನಲ್ಲಿ ಎಲ್ಲೋ ಒಂದು ಹೊಸ ಟಿಕಟಿಕ ಸದ್ದು ಹುಟ್ಟಿತು. ಇವರು ಏನು ಹೇಳುತ್ತಾರೋ ಎಂದು ಕಾದೆ. ಹೇಳಲಿಲ್ಲ. ತಿರುಗಿ ನೋಡಿದರೆ ತಲೆಯನ್ನು ಕಿಟಕಿಗೆ ಆನಿಸಿ, ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಹೋಗಿದ್ದರು. ಅಷ್ಟು ವರ್ಷದಲ್ಲಿ ಓಡುವ ಗಾಡಿಯಲ್ಲಿ ಇವರು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಸದ್ದಿಗೆ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟೆ. ಊರು ಮುಟ್ಟುವವರೆಗೆ ತಡೆಯುವಂಥದ್ದೇ. ಎಬ್ಬಿಸದೆ, ಹಳ್ಳಗಳನ್ನು ತಪ್ಪಿಸಿಕೊಂಡು ನಿಧಾನವಾಗಿ ಓಡಿಸಿದೆ.