ಮೂರನೇ ಸಲ ತಳ್ಳಿದರೆ ತೆರೆಯುವ ಬಾಗಿಲು

ನನ್ನ ಸೋದರಮಾವ ಬಡಗಿ. ಅವರು ಮಾಡಿದ ಕಪಾಟಿನ ಬಾಗಿಲು ಮುಚ್ಚಿದರೆ ಸದ್ದಾಗುತ್ತಿರಲಿಲ್ಲ, ಮಳೆಗಾಲದಲ್ಲೂ ಬಿಗಿಯಾಗುತ್ತಿರಲಿಲ್ಲ. ಇಂಥ ಮನುಷ್ಯನನ್ನು ಊರೆಲ್ಲ ನಾಲ್ಕು ವರ್ಷ 'ಬಾಗಿಲು ಮೇಸ್ತ್ರಿ' ಎಂದು ಹಂಗಿಸಿತು. ಅದಕ್ಕೆ ಕಾರಣವಾದ ಧಾರಾವಾಹಿಯನ್ನು ಜನ ಇಂದಿಗೂ ಹೊಗಳುವುದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅದು ಹುಟ್ಟಿದ್ದು ಆರು ಕಂತುಗಳ ಹಾಸ್ಯವಾಗಿ. ಸ್ಟುಡಿಯೋದೊಳಗೆ ಒಂದು ಮನೆ ಕಟ್ಟಿಕೊಡಿ ಎಂದು ಮಾವನನ್ನು ಕರೆದರು. ಗೋಡೆಗಳು ಪ್ಲೈವುಡ್ಡಿನವು. ಬಾಗಿಲನ್ನು ಮಾತ್ರ ಮಾವ ಗಟ್ಟಿ ಮರದಲ್ಲೇ ಮಾಡಿದರು, ಸುಳ್ಳು ಬಾಗಿಲು ಮಾಡಲು ಅವರಿಗೆ ಕೈ ಬರಲಿಲ್ಲ. ಚಿತ್ರೀಕರಣದ ದಿನ ಬೆಳಿಗ್ಗೆ ಬಣ್ಣದವನು ಯಾರನ್ನೂ ಕೇಳದೆ ಅಂಚಿಗೆಲ್ಲ ಇನ್ನೊಂದು ಕೋಟ್ ಬಳಿದ. ಹಸಿ ಬಣ್ಣಕ್ಕೆ ಬಾಗಿಲು ಅಂಟಿಕೊಂಡಿತು. ಬಹಳ ವರ್ಷದ ಮೇಲೆ ಮನೆಗೆ ಮರಳುವ ಅಪ್ಪನ ಪಾತ್ರದ ನಟರು ತಳ್ಳಿದರು, ತೆರೆಯಲಿಲ್ಲ. ಮತ್ತೆ ತಳ್ಳಿದರು. ಮೂರನೇ ಸಲ ಭುಜ ಕೊಟ್ಟು, ಮುಗ್ಗರಿಸಿ ಒಳಗೆ ಬಂದು, ಬರೆದುಕೊಟ್ಟಿರದ ಮಾತೊಂದನ್ನು ಆಡಿಬಿಟ್ಟರು.

"ನಾನು ಬರೋದು ಈ ಬಾಗಿಲಿಗೂ ಇಷ್ಟ ಇಲ್ಲ."

ಆ ವಾರ ಮೂಟೆಗಟ್ಟಲೆ ಪತ್ರ ಬಂದವು. ನೋಡಿದವರೆಲ್ಲ ಅತ್ತಿದ್ದರಂತೆ. ನಿರ್ದೇಶಕರು ಹಾಸ್ಯವನ್ನು ಬದಿಗಿಟ್ಟು, ಮನೆಯವರು ಒಪ್ಪಿಕೊಳ್ಳದ ಅಪ್ಪನ ಕಥೆ ಮಾಡಿದರು. ಅಷ್ಟರಲ್ಲಿ ಮಾವ ಬಣ್ಣ ಕೆರೆದು ಬಾಗಿಲನ್ನು ಸರಿಮಾಡಿ ಕೂತಿದ್ದರು. ನಿರ್ದೇಶಕರು ತಲೆ ಮೇಲೆ ಕೈಹೊತ್ತರು.

"ಯಾರ್ರೀ ಇದನ್ನ ರಿಪೇರಿ ಮಾಡೋಕೆ ಹೇಳಿದ್ದು? ಪ್ರತಿ ವಾರ ಮೂರನೇ ಸಲಕ್ಕೇ ತೆರ್ಕೋಬೇಕು. ಯಾರಿಗೂ ಬಾಯಿಬಿಡ್ಬೇಡಿ, ಆ ನಟರಿಗೂ. ಗೊತ್ತಾದ್ರೆ ತಳ್ಳೋ ಹಾಗೆ ನಟಿಸ್ತಾರೆ, ನಿಜವಾಗಿ ತಳ್ಳಲ್ಲ."

ಮಾವ ಮಾತು ಕೊಟ್ಟರು. ಮಾತು ಕೊಡುವುದೊಂದು ರೋಗ ಅವರಿಗೆ.

ಕೆಟ್ಟ ಬಾಗಿಲು ಮಾಡುವುದು ಸುಲಭ ಎನ್ನುವವರು ಮಾಡಿ ನೋಡಲಿ. ಬಿಗಿ ಹೆಚ್ಚಾದರೆ ಗೋಡೆಯೇ ಅಲ್ಲಾಡುತ್ತದೆ, ಕಡಿಮೆಯಾದರೆ ಮೊದಲ ಸಲಕ್ಕೇ ತೆರೆದುಕೊಳ್ಳುತ್ತದೆ. ಮಾವ ಚೌಕಟ್ಟಿನ ಸಂದಿಗೆ ಚರ್ಮದ ಪಟ್ಟಿಯೊಂದನ್ನು ಸಿಕ್ಕಿಸಿ, ವಾರವಾರ ಅದನ್ನು ಕೂದಲೆಳೆಯಷ್ಟು ಕೆತ್ತಿ, ತಾವೇ ಭುಜ ಕೊಟ್ಟು ಪರೀಕ್ಷಿಸುತ್ತಿದ್ದರು. ಅವರ ಎಡಭುಜ ಸದಾ ಊದಿರುತ್ತಿತ್ತು. ಜೀವಮಾನದಲ್ಲೇ ಅಷ್ಟು ನಾಜೂಕಿನ ಕೆಲಸ ಅವರು ಮಾಡಿರಲಿಲ್ಲ. ಇತ್ತ ಧಾರಾವಾಹಿಯ ಕೊನೆಗೆ ಬಡಗಿ ಎಂದು ಅವರ ಹೆಸರು ಬರುತ್ತಿತ್ತಲ್ಲ, ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು.

"ಕಪಾಟು ಮಾಡಿಸ್ಬೇಕಿತ್ತು ಮೇಸ್ತ್ರಿ. ಆದ್ರೆ ಅದನ್ನ ತೆಗೆಯೋಕೆ ದಿನಾ ಆ ನಟರನ್ನ ಎಲ್ಲಿಂದ ಕರ್ಕೊಂಡ್ ಬರ್ಲಿ?"

ಅದು ಮೊದಲ ದಿನ ಬಣ್ಣದವನು ಮಾಡಿದ ಎಡವಟ್ಟು ಎಂದು ಮಾವ ಹೇಳಿದರೆ ಜನ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ನಗುತ್ತಿದ್ದರು. ಊದಿದ ಭುಜ ನೋಡಿ ಕೆದಕಿ ಕೇಳಿದ್ದರಿಂದ ನಿಜ ಗೊತ್ತಿದ್ದದ್ದು ಅತ್ತೆಗೆ ಮತ್ತು ನನಗೆ ಮಾತ್ರ. ನಮ್ಮ ಪಾಲಿಗೆ ಅದು ಬಾಯೊಳಗಿನ ಬಿಸಿತುಪ್ಪ.

"ನಿಮ್ಮ ಮಾತಿಗೆ ಬೆಂಕಿ ಬೀಳ! ಕೈಯಲ್ಲಿರೋ ವಿದ್ಯೆಗಿಂತ ಅದು ದೊಡ್ಡದಾ?" ಎಂದು ಅತ್ತೆ ಕೂಗಾಡುತ್ತಿದ್ದರು.

ನಾಲ್ಕನೇ ವರ್ಷ ಕೊನೆಯ ಕಂತು ಬಂತು. ಅಪ್ಪನನ್ನು ಮನೆಯವರು ಒಪ್ಪಿಕೊಳ್ಳುತ್ತಾರೆ, ಬಾಗಿಲು ಮೊದಲ ಸಲಕ್ಕೇ ತೆರೆಯಬೇಕು ಎಂದರು ನಿರ್ದೇಶಕರು. ಮಾವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಿಟ್ಟುಹೋದ ಗಿರಾಕಿಗಳಿಗೆಲ್ಲ "ಈ ವಾರ ನೋಡಿ" ಎಂದು ಹೇಳಿಬಂದರು. ಪಟ್ಟಿ ಕಿತ್ತು, ಅಂಚಿಗೆ ಹತ್ತರಿ ಹೊಡೆದು ನಯ ಮಾಡಿ, ಮೇಣ ಉಜ್ಜಿ, ನನ್ನನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದರು.

ಎಲ್ಲ ಸಿದ್ಧವಾದಾಗ ನಿರ್ದೇಶಕರಿಗೆ ಹೊಸ ಬುದ್ಧಿ ಹೊಳೆಯಿತು. "ಬಾಗಿಲು ತೆರೆದೇ ಇರ್ಲಿ. ಹೆಂಡತಿ ಮೊದಲೇ ತೆಗೆದಿಟ್ಟಿರ್ತಾಳೆ."

ನಟರು ಸುಮ್ಮನೆ ನಡೆದು ಒಳಗೆ ಬಂದರು. ಸ್ಟುಡಿಯೋಗೆ ಸ್ಟುಡಿಯೋನೇ ಅತ್ತಿತು. ಮಾವನೂ ಅತ್ತರು, ಅವರ ಕಾರಣ ಬೇರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಎಲ್ಲರೂ ಹೊರಟ ಮೇಲೆ ನಟರು ಒಬ್ಬರೇ ಹಿಂದೆ ಉಳಿದು, ಬಾಗಿಲು ಮುಚ್ಚಿ, ಒಂದು ಬೆರಳಿಂದ ತಳ್ಳಿ ನೋಡಿದರು. ಸದ್ದಿಲ್ಲದೆ ತೆರೆದುಕೊಂಡಿತು.

"ಕೊನೆಗೂ ಕೆಲಸ ಕಲಿತ್ರಲ್ಲ ಮೇಸ್ತ್ರಿ!"

ಮಾವ ಚರ್ಮದ ಪಟ್ಟಿಯನ್ನು ಸಂದಿಗೆ ಸಿಕ್ಕಿಸಿ ಬಾಗಿಲು ಮುಚ್ಚಿದರು. "ಈಗ ತಳ್ಳಿ."

ಒಂದು, ಎರಡು. ಮೂರನೆಯದಕ್ಕೆ ತೆರೆಯಿತು. ನಟರು ಭುಜ ಉಜ್ಜಿಕೊಳ್ಳುತ್ತ ನಿಂತುಬಿಟ್ಟರು.

"ನಾಲ್ಕು ವರ್ಷನೂ... ನೀವಾ?"

"ನಾನೇ. ಈಗ ಎಲ್ಲಾ ಮುಗೀತಲ್ಲ, ನೀವೇ ಒಂದ್ಸಲ ಹೊರಗೆ ಹೇಳ್ಬಿಡಿ ಸ್ವಾಮಿ. ನೀವು ಹೇಳಿದ್ರೆ ಜನ ನಂಬ್ತಾರೆ."

ನಟರು ಮಾವನ ಎರಡೂ ಕೈ ಹಿಡಿದುಕೊಂಡರು. "ಹೇಳಿದ್ರೆ ನನ್ನ ಗತಿಯೇನು ಮೇಸ್ತ್ರಿ? ಇಂಥ ಕೆಟ್ಟ ಬಾಗಿಲಿಂದಲೂ ನಟನೆ ತೆಗೆದ ಅಂತ ಅಲ್ವಾ ನನ್ನನ್ನ ದೊಡ್ಡ ನಟ ಅಂತಿರೋದು?"

ನನ್ನ ಮಾವ, ಏನು ಹೇಳಲಿ, ಅವರಿಗೂ ಮಾತು ಕೊಟ್ಟು ಬಂದರು.