ಮಾಮನ ಹೆಸರು ಗೊತ್ತಿದ್ದ ಡಬ್ಬಿ

ಕಂಪ್ಯೂಟರಿನ ಹತ್ತಿರ ಹೋಗುವಾಗ ಚಪ್ಪಲಿ ಬಿಡುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ಕೊನೆ. ದಾವಣಗೆರೆಯಲ್ಲಿ ಅಕ್ಕ ಓದುತ್ತಿದ್ದ ಇಂಜಿನಿಯರಿಂಗ್ ಕಾಲೇಜಿನಲ್ಲೂ ಲ್ಯಾಬಿನ ಬಾಗಿಲಿಗೆ ಚಪ್ಪಲಿಗಳ ರಾಶಿ ಬಿದ್ದಿರುತ್ತಿತ್ತಂತೆ. ಹರಿಹರದಲ್ಲಿ ನಮ್ಮ ಸೋದರಮಾವ ರುದ್ರಪ್ಪ ಮಾಮನ ಮನೆಯಲ್ಲಂತೂ ಅದಕ್ಕೆ ದೇವರ ಕೋಣೆಯ ಮರ್ಯಾದೆ. ಅತ್ತೆ ದಿನಾ ನೆಲ ಒರೆಸಿ, ಅದರ ಹಣೆಗೆ ವಿಭೂತಿ ಎಳೆದ ಮೇಲೆಯೇ ಅಡುಗೆಮನೆಗೆ ಹೋಗುತ್ತಿದ್ದಳು.

ಮಾಮ ಲೇತ್ ಮಷೀನಿನ ಮೇಲೆ ಕೆಲಸ ಮಾಡಿದವನು. ಆ ವರ್ಷ ಅವನ ಕಾರ್ಖಾನೆ ಬಾಗಿಲು ಹಾಕಿತ್ತು. ಕಂಪ್ಯೂಟರ್ ನಡೆಸಲು ಬಂದರೆ ಆಫೀಸಿನಲ್ಲಿ ಕೂರಿಸಿಕೊಳ್ಳುತ್ತೇನೆ ಎಂದು ದಾವಣಗೆರೆಯ ವರ್ಕ್‌ಶಾಪಿನವರೊಬ್ಬರು ಹೇಳಿದ್ದರು. ಅದೊಂದೇ ಮಾತು ಹಿಡಿದು ಮಾಮ ಯಾವುದೋ ಆಫೀಸಿನ ಹಳೇ ಕಂಪ್ಯೂಟರ್ ತಂದಿದ್ದ. ಅಗಲವಾದ ಕಬ್ಬಿಣದ ಡಬ್ಬಿ, ಅದರ ಮೇಲೆ ಕೂತ ಟಿ.ವಿ.ಯಂಥ ಪರದೆ. ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಒಂದು ಗೆರೆ ಮಿಣುಕುತ್ತಿತ್ತು, ಅಷ್ಟೇ.

ಬೇಸಿಗೆ ರಜೆಗೆ ನಾನು, ಅಕ್ಕ ಹೋದಾಗ ಅಕ್ಕನ ಚೀಲದಲ್ಲಿ ಮಂಡಕ್ಕಿಯ ಪೊಟ್ಟಣದ ಜೊತೆ ಒಂದು ಸಿ.ಡಿ. ಇತ್ತು. ಅದರಲ್ಲಿದ್ದದ್ದು ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಲಿನಕ್ಸ್ ಅಂತ ಹೆಸರು.

"ಇದಕ್ಕ ರೊಕ್ಕ ಕೊಡಂಗಿಲ್ಲ ಮಾಮ. ಯಾರು ಬೇಕಾದ್ರೂ ಹಾಕ್ಕೋಬೌದು. ಒಳಗೆ ಹೆಂಗೈತೆ ಅಂತ ಬಿಚ್ಚಿ ನೋಡ್ಬೌದು."

ಮಾಮನಿಗೆ ಕೊನೆಯ ಮಾತು ಬಹಳ ಹಿಡಿಸಿತು. ಬಿಚ್ಚಿ ನೋಡಲು ಬಿಡದ ಯಂತ್ರವನ್ನು ಅವನು ಯಾವತ್ತೂ ನಂಬಿದವನಲ್ಲ.

ಲಿನಕ್ಸ್ ಒಂದೇ ಸಲಕ್ಕೆ ಡಬ್ಬಿಯೊಳಗೆ ಕೂರಲಿಲ್ಲ. ಅಕ್ಕ ಹಾಕುವುದು, ಅದು ನಡುವೆ ನಿಲ್ಲುವುದು, ಮತ್ತೆ ಮೊದಲಿಂದ. ನಾನು ಪಕ್ಕದ ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರ ಬರೆದುಕೊಂಡು ಒಬ್ಬಳೇ ಇಬ್ಬರ ಆಟ ಆಡುತ್ತಿದ್ದೆ. ಸೆಕೆಗೆ ಅತ್ತೆ ಆಗಾಗ ನೆಲಕ್ಕೆ ನೀರು ಚಿಮುಕಿಸುತ್ತಿದ್ದಳು, ನನ್ನ ಮನೆಗಳೆಲ್ಲ ಅಳಿಸಿಹೋಗುತ್ತಿದ್ದವು. ಒದ್ದೆ ನೆಲದ ವಾಸನೆ, ಒಗ್ಗರಣೆ ಮಂಡಕ್ಕಿಯ ವಾಸನೆ, ಬಿಸಿಯಾದ ಡಬ್ಬಿಯ ವಾಸನೆ ಎಲ್ಲ ಕೂಡಿ ಆ ಕೋಣೆಗೇ ಒಂದು ವಾಸನೆ ಇತ್ತು.

ಒಂದು ಮಧ್ಯಾಹ್ನ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿ ನಿಂತವು.

"ಈಗ ನಿಮ್ಮ ಹೆಸರು ಹೊಡೀರಿ ಮಾಮ."

"ನನ್ನ ಹೆಸರು ಅದಕ್ಕ ಗೊತ್ತೈತೇನು?"

"ಗೊತ್ತು ಮಾಡಿಸೀನಿ. ಹೊಡೀರಿ."

ಮಾಮ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಡಬ್ಬಿ ಅವನನ್ನು ಒಳಗೆ ಬಿಟ್ಟಿತು. ಅವನು ಅತ್ತೆಯನ್ನು ಕರೆದು ತೋರಿಸಿದ. "ನೋಡಿದೇನು? ಕಾರ್ಖಾನಿ ಗೇಟಿನ ವಾಚ್‌ಮನ್ ನನ್ನ ಹೆಸರು ಮರ್ತಾನ. ಇದು ನೆನಪಿಟ್ಟೈತೆ."

ಆ ಡಬ್ಬಿ ಮುಟ್ಟಿದರೆ ಆಗಾಗ ಕೈ ಜುಂ ಎನ್ನುತ್ತಿತ್ತು. ಚಪ್ಪಲಿ ಹಾಕಿಕೊಂಡು ಕೂರ್ರಿ ಎಂದು ಅಕ್ಕ ಅವತ್ತೂ ಹೇಳಿದಳು. ಕಾರ್ಖಾನೆಯಲ್ಲಿ ರಬ್ಬರ್ ಅಟ್ಟೆಯ ಬೂಟಿಲ್ಲದೆ ಮಷೀನು ಮುಟ್ಟದಿದ್ದ ಮಾಮ ನಕ್ಕುಬಿಟ್ಟ.

"ಅದು ಕೂಲಿ ಕೊಡೋ ಮಷೀನು. ಇದು ವಿದ್ಯೆ ಕೊಡೋದು. ಚಪ್ಪಲಿ ಬ್ಯಾಡ ಬಿಡವ್ವ."

ಅಕ್ಕ ಪರದೆಯ ಮೇಲೆ ಕ್ಯಾಲೆಂಡರ್ ತೆಗೆಯುವುದನ್ನು ಹೇಳಿಕೊಟ್ಟಳು. ತಾನು ಹುಟ್ಟಿದ್ದು ಯಾವ ವಾರ ಎಂದು ನೋಡಲು ಮಾಮ ತನ್ನ ಹುಟ್ಟಿದ ಇಸವಿ ಹೊಡೆದ. ಕಿಟಕಿಯ ಬಿಸಿಲು ಪರದೆಗೆ ಬಿದ್ದು ಅಂಕಿಗಳು ಕಾಣಲಿಲ್ಲ. ಡಬ್ಬಿಯನ್ನು ಸ್ವಲ್ಪ ತಿರುಗಿಸಲೆಂದು ಅದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ.

ಹಿಂದೆ ವೈರಿನ ಸಿಪ್ಪೆ ಸವೆದಿತ್ತಂತೆ, ಎಳೆದಾಗ ತಂತಿ ಕಬ್ಬಿಣಕ್ಕೆ ತಾಗಿತಂತೆ. ಬೋರ್ಡಿನಲ್ಲಿ ಎರಡೇ ತೂತಿದ್ದವೆಂದು ಪ್ಲಗ್ಗಿನ ಮೂರನೇ ಪಿನ್ನನ್ನು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಪಿನ್ನನ್ನು, ಹಿಂದೆ ಯಾರೋ ಮುರಿದಿದ್ದರಂತೆ. ಇದೆಲ್ಲ ಆಮೇಲೆ ತಿಳಿದದ್ದು. ನಾನು ಕಂಡದ್ದು ಇಷ್ಟು: ಮಾಮ ಕೂಗಲಿಲ್ಲ. ಒದ್ದೆ ನೆಲದ ಮೇಲೆ ಅವನ ಬರಿಗಾಲುಗಳು ಪಟಪಟ ಬಡಿಯುತ್ತಿದ್ದವು. ಏನೋ ತಮಾಷೆ ಮಾಡುತ್ತಿದ್ದಾನೆಂದುಕೊಂಡೆ. ಮಂಡಕ್ಕಿಯ ತಟ್ಟೆ ಕೆಳಗಿಟ್ಟು ಅತ್ತೆ ಅವನ ಹೆಗಲು ಹಿಡಿಯಲು ಕೈ ಚಾಚಿದಳು. ಅಕ್ಕ ಅವಳನ್ನು ಗೋಡೆಗೆ ನೂಕಿ, ಬೋರ್ಡಿನ ಸ್ವಿಚ್ ಆರಿಸಿದಳು. ಮಾಮ ಕಡಿದ ಮರದಂತೆ ಬಿದ್ದ.

ಈಗಲೂ ನನಗೆ ಕಾಣುವುದು ಅತ್ತೆಯ ಕೈ. ಬೆರಳಿಗೆ ಅಂಟಿದ ಒಂದು ಮಂಡಕ್ಕಿ, ಮಾಮನ ಅಂಗಿ, ಅವೆರಡರ ನಡುವೆ ಉಳಿದಿದ್ದ ಅಷ್ಟು ಚೂರು ಜಾಗ. ಕೆಲವು ದಿನ ಕನಸಿನಲ್ಲಿ ಅಕ್ಕ ನೂಕುವುದು ತಡವಾಗುತ್ತದೆ. ಎಚ್ಚರಾಗಿ ಎದ್ದು ಕೂರುತ್ತೇನೆ.

ಮಾಮ ಬದುಕಿದ. ಅಂಗೈ ಸುಟ್ಟದ್ದು ಮಾಯಿತು, ಬಲಗೈಯ ಬೆರಳುಗಳಿಗೆ ಮಾತ್ರ ಮತ್ತೆ ಸ್ಪರ್ಶ ಬರಲಿಲ್ಲ. ವೈರ್ ಬದಲಿಸಿ, ಹೊಸ ಬೋರ್ಡ್ ಹಾಕಿಸಿ, ಮರದ ಮಣೆಯಿಟ್ಟು ಅಕ್ಕ ಕರೆದಳು. ಅವನು ಹೊಸ್ತಿಲ ಆಚೆಯೇ ನಿಂತ.

"ಬ್ಯಾಡವ್ವ. ನೀನು ಕಲಿ. ನಾನು ಇಲ್ಲಿಂದ ನೋಡ್ತೀನಿ."

ಸ್ವಲ್ಪ ದಿನ ನೋಡಿದ. ಆಮೇಲೆ ನೋಡಲೂ ಬರಲಿಲ್ಲ. ವರ್ಕ್‌ಶಾಪಿನ ಮಾತು ಅಲ್ಲಿಗೇ ನಿಂತಿತು. ಮಳೆಗಾಲ ಕಳೆದ ಮೇಲೆ ಅತ್ತೆ ಡಬ್ಬಿಯನ್ನು ಗುಜರಿಯವನಿಗೆ ಎತ್ತಿ ಕೊಟ್ಟಳು. ಕೊಡುವಾಗ ವಿಭೂತಿಯನ್ನು ಸೆರಗಿನಿಂದ ಒರೆಸಿದಳಂತೆ.

ಮಾಮ ಈಗಿಲ್ಲ. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಮಕ್ಕಳಿಗೆ ಅದೇ ಲಿನಕ್ಸ್ ಹೇಳಿಕೊಡುತ್ತೇನೆ. ಯಾರೂ ಚಪ್ಪಲಿ ಬಿಡುವುದಿಲ್ಲ, ನಾನೇ ಬಿಡಗೊಡುವುದಿಲ್ಲ. ಆದರೆ ಪರದೆ ತನ್ನ ಹೆಸರು ಗುರುತಿಸಿತೆಂದು ಮನೆಯವರನ್ನೆಲ್ಲ ಕೂಗಿ ಕರೆಯುವ ಆ ಹಿಗ್ಗನ್ನು ಆಮೇಲೆ ಯಾರ ಮುಖದಲ್ಲೂ ನಾನು ಕಂಡಿಲ್ಲ.

ಗುಜರಿಯವನು ಅದನ್ನು ಒಡೆದು ತಾಮ್ರ ಬೇರೆ, ಕಬ್ಬಿಣ ಬೇರೆ ಮಾಡಿರಬೇಕು. ಅಲ್ಲಿಯವರೆಗೂ ಅದಕ್ಕೆ ಮಾಮನ ಹೆಸರು ಗೊತ್ತಿತ್ತು. ಯಾರೂ ಕೇಳಲಿಲ್ಲ, ಅಷ್ಟೇ.